ಎರಡು ಕೊಕ್ಕಿ

ಮನೂಕಿ ಶೆಡ್ಡು ಜೂನಿಗೆ ಖಾಲಿ.
ಹರಕ ಜಾಳಗಿ, ಕೆಳಗ ಗಟ್ಟಿ ನೆಲ,
ಇನ್ನೂ ಹೋಗದ ಗಂಧಕದ ವಾಸನಿ.
ಅಲ್ಲೇ ದಸ್ತಗೀರ ತನ್ನ ಗಾಡಿ ನಿಲ್ಲಿಸಿ ಅಂದ:
"ಅಕ್ಕಾ, ಬೀಳೂದಿದ್ರ ಇಲ್ಲೇ ಬಿದ್ದುಬಿಡು,
ನೋಡಾಕ ಇರುವಿ ಅಷ್ಟ ಅದಾವ."

ನನಗ ನಲವತ್ತೊಂದು.
ಹೆಗಲಿಗೆ ಲಸಿಕಿ ಡಬ್ಬಿ ಹಾಕ್ಕೊಂಡು
ಕುರಿ ಹಿಂದ ಒಂಬತ್ತು ವರ್ಷ ನಡದಾಕಿ.
ಮಾಡಗ್ಯಾಳ ಬಿಟ್ಟು ಹಟ್ಟಿ ಮುಟ್ಟೂದ್ರಾಗ
ಬರ್ಫು ನೀರಾಗಿ, ನೀರು ಬೆಚ್ಚಗಾಗಿ,
ಮಾಳಪ್ಪ ಕಾಕಾ ಮುಚ್ಚಳ ತಗದು ನೋಡಿ
"ಚಾ ಪುಡಿ ಹಾಕಲೇನವ್ವಾ?" ಅಂತಿದ್ದ.

ಕ್ಲಚ್ಚು ಹಗೂರ ಬಿಡು ಅಂದ. ಬಿಟ್ಟೆ.
ಗಾಡಿ ಟಗರಿನಂಗ ಜಿಗದು
ಶೆಡ್ಡಿನ ಕಂಬಕ್ಕ ಹಾದು ನಿಂತಿತು.
ಆರನೇ ದಿನ ಹೊಳೀತು:
ಮರಿಗೆ ಔಷಧ ಕುಡಿಸಿ, ದವಡಿ ಒತ್ತಿ ಹಿಡದು,
ಗಂಟಲ ಇಳೀತೋ ಇಲ್ಲೋ ಬೆರಳಿಂದ ಕೇಳಿ
ಆಮ್ಯಾಲ ಬಿಡತೇವಲ್ಲ,
ಅಷ್ಟ ಅದು.
ದಸ್ತಗೀರಗ ಹೇಳಿದೆ. ಅವಗ ತಿಳೀಲಿಲ್ಲ.
ಗಾಡಿಗೆ ತಿಳೀತು.

ಒಂದು ಕೆಳಗ, ಉಳದದ್ದು ಮ್ಯಾಗ.
ನಡುವ ಒಂದು ಜಾಗ, ಯಾವ ಗೇರಿಗೂ ಸೇರಲಾರದ್ದು.
ಅಲ್ಲಿ ಹಸರ ದೀಪ ಹತ್ತತೈತಿ,
ಎಂಜಿನ್ ಬಡಕೋತಿರತೈತಿ, ಗಾಲಿ ನಿಂತಿರತೈತಿ.
ಸಾಲಿ ಕನ್ನಡ, ಕಚೇರಿ ಮರಾಠಿ,
ನಮ್ಮೂರಿದ್ದಂಗ ಐತಿ, ಅಂದೆ.

ಲೈಸನ್ಸಿನ ಸಾಹೇಬ "ಉಜವೀಕಡೆ ವಳಾ" ಅಂದ.
ನನ್ನ ತಲ್ಯಾಗ ಮೊದಲ ಬಲ, ಆಮ್ಯಾಲ ಉಣ್ಣೋ ಕೈ,
ಆಮ್ಯಾಲ ಹ್ಯಾಂಡಲ್ಲು.
ಅಷ್ಟರಾಗ ಸುಣ್ಣದ ಎಂಟು ಅರ್ಧ ದಾಟಿತ್ತು.
ಪಾಸು ಮಾಡಿದ.
ಫೋಟೋದಾಗ ಯಾರಿಗೋ ಬೈಯಾಕತ್ತಂಗ ಕಾಣತೀನಿ.

ವಿಜಯಪುರದ ಶೋರೂಮಿನ್ಯಾಂವ ಗುಲಾಬಿ ಸ್ಕೂಟಿ ಒರಸಿ
ನನ್ನ ಗಂಡಗ ಹೇಳಿದ, "ಲೇಡೀಸಿಗೆ ಇದ ಛಲೋ, ಸರ್."
ಗಂಡ ನನ್ನ ಮಾರಿ ನೋಡಿದ.
ನಾ ಬಗ್ಗಿ ಗಾಡಿಯ ಹೊಟ್ಟಿ ನೋಡಿದೆ,
ನೆಲಕ್ಕೂ ಅದಕ್ಕೂ ಗೇಣು ಇಲ್ಲ.
"ಇದು ಡಾಂಬರದ ಆಡು," ಅಂದೆ. "ನನಗ ಗುಡ್ಡದ್ದು ಬೇಕು."
ಗುಡ್ಡದ್ದರ ಮ್ಯಾಲ ಹತ್ತಿದೆ. ಕಾಲು ನೆಲ ಮುಟ್ಟಲಿಲ್ಲ.
ಮುಟ್ಟಿದ್ದರ ಕಂತು, ಹನ್ನೆರಡು ಮರಿ ಮಾರಿದರೂ ತೀರೂದಲ್ಲ.

ಕಡಿಗೆ ಸಂಖದಾಗ, ಹಾಲಿನ ಸೋಪಾನರಾವನ ಹಳೇದು.
ಕರೀದು. ಕಿಕ್ಕು ಹೊಡೀಬೇಕು. ಸೀಟಿಗೆ ಗೋಣಿ ದಾರದ ಹೊಲಿಗಿ.
ಡೇರಿ ಬಂದಾದಾಗಿಂದ ಗ್ವಾದ್ಲ್ಯಾಗ ಕಟ್ಟಿದಂಗ ನಿಂತಿತ್ತು.
ಹಲ್ಲು ನೋಡಿದಂಗ ಚೈನು ನೋಡಿದೆ,
ಗೊರಸು ನೋಡಿದಂಗ ಟಾಯರು.
ಎಡಕ್ಕೊಂದು ಬಲಕ್ಕೊಂದು ಬೆಸದ ಕಬ್ಬಿಣದ ಕೊಕ್ಕಿ,
ವರ್ಷಾನುಗಟ್ಟಲೆ ಕ್ಯಾನು ತೂಗಿ
ಬೆಳ್ಳಿಯಂಗ ಸವದಿದ್ದು.
"ಅವನ್ನ ಕೊಯ್ಸಿ ಕೊಡತೀನಿ, ಛಂದ ಕಾಣೂದಿಲ್ಲ," ಅಂದ ಸೋಪಾನರಾವ.
"ಅಣ್ಣಾ, ಕೊಕ್ಕಿಗೇ ರೊಕ್ಕ ಕೊಡಾಕತ್ತೀನಿ."

ಅತ್ತಿ ಎರಡು ದಿನ ಬಾಯಿ ಬಿಡಲಿಲ್ಲ.
ಮೂರನೇ ದಿನ ಟ್ರಂಕಿನ ತಳದಾಗಿಂದ
ತನ್ನ ಒಂಬತ್ತು ವಾರದ ಸೀರಿ ತಗದು ಒಗದ್ಳು:
"ಕಚ್ಚಿ ಹಾಕು. ಚೈನಿಗೆ ಸೆರಗ ಸಿಕ್ಕರ ಸಾಯ್ತಿ."
ಹರಕಿಯೋ ಬೈಗಳೋ, ನಾನೂ ಕೇಳಿಲ್ಲ.

ಇವತ್ತ ನಸುಕಿನ್ಯಾಗ
ಎಡ ಕೊಕ್ಕಿಗೆ ಡಬ್ಬಿ, ಬಲಕ್ಕ ಸಮತೂಕಕ್ಕ ನೀರಿನ ಕ್ಯಾನು.
ಏರಿನ್ಯಾಗ ಗೇರು ಬಿಡಿಸೂದು ಮರತೆ, ಗಾಡಿ ಕೆಮ್ಮಿತು,
ಮತ್ತ ನಡೀತು.
ಹಟ್ಟಿ ಕಂಡದ್ದ ತಡ, ಕುರಿ ಹೌಹಾರಿ
ಮಡ್ಡಿ ತುಂಬ ಚೆಲ್ಲಾಪಿಲ್ಲಿ.
ಕಾಕಾ ಬಡಿಗಿ ಎತ್ತಿ ಒದರಾಕತ್ತಾನ,
ಯಾರಂತ ಇನ್ನೂ ಗುರುತ ಹತ್ತಿಲ್ಲ.

ಜಾಲಿ ಕೆಳಗ ಎಂಜಿನ್ ಆರಿಸಿದೆ.
ಉಳದದ್ದು ನಡದೇ ಹೋಗಬೇಕು.
ಅವಕ್ಕ ನನ್ನ ಹೆಜ್ಜಿ ಗೊತ್ತು.
ಕೊಕ್ಕಿಯಿಂದ ಡಬ್ಬಿ ಬಿಡಿಸಿ ಹೆಗಲಿಗೆ ಹಾಕಿದೆ.
ಒಳಗ ಬರ್ಫು
ಕಟಕಟ, ಇನ್ನೂ ಕಲ್ಲು.